ಶನಿವಾರದ ಎದುರಾಳಿ

ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಪೂಲ್ ಹಾಲಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದ ಹೆಂಗಸು ನಾಲ್ಕೂ ಟೇಬಲ್ಲುಗಳ ಕಡೆ ಒಮ್ಮೆ ಕಣ್ಣಾಡಿಸಿ, ಇಲ್ಲಿ ಗಡಿಯಾರ ರಿಪೇರಿ ಮಾಡುವವರು ಯಾರೆಂದು ಕೇಳಿದರು. ಕಂಕುಳಲ್ಲಿ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಉದ್ದನೆಯದೇನೋ ಇತ್ತು. ಅದರ ಅಳತೆ ನೋಡಿಯೇ ಗಡಿಯಾರದವರಿಗೆ ಅರ್ಥವಾಯಿತು: ಒಳಗಿರುವುದು ಟೈಲರಣ್ಣನ ಆಟದ ಕೋಲು, ಇವರು ಅವನ ಹೆಂಡತಿ.

ಇಪ್ಪತ್ತೆರಡು ವರ್ಷ ಟೈಲರಣ್ಣನ ಜೊತೆ ಆಡಿದ್ದರೂ ಅವರು ಈಕೆಯನ್ನು ನೋಡಿದ್ದು ಒಂದೇ ಸಲ, ಮೂರು ತಿಂಗಳ ಹಿಂದೆ, ಅವನ ಸಾವಿನ ಮನೆಯಲ್ಲಿ. ಆ ದಿನ ಯಾರ ಮುಖವೂ ಮನಸ್ಸಿನಲ್ಲಿ ನಿಂತಿರಲಿಲ್ಲ. ಈಕೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಶನಿವಾರ ಮಧ್ಯಾಹ್ನ ಡ್ಯೂಟಿ. ಆ ಹೊತ್ತಿನಲ್ಲಿ ಟೈಲರಣ್ಣ ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿ, ಕುತ್ತಿಗೆಯಲ್ಲಿದ್ದ ಟೇಪು ತೆಗೆಯುವುದನ್ನೂ ಮರೆತು ಇಲ್ಲಿಗೆ ಬಂದುಬಿಡುತ್ತಿದ್ದ.

ಮನೆಯಲ್ಲಿ ಮೂಲೆಗೆ ಒರಗಿ ನಿಂತ ಕೋಲನ್ನು ದಿನಾ ನೋಡಲಾಗುವುದಿಲ್ಲ, ಇಲ್ಲಿ ಯಾರಾದರೂ ಆಡಲಿ ಎಂದು ಆಕೆ ಗಂಟನ್ನು ಕೊಟ್ಟರು. ಗಡಿಯಾರದವರು ಬಟ್ಟೆ ಬಿಚ್ಚಿ, ಕೋಲನ್ನು ಗೋಡೆಯ ಚೌಕಟ್ಟಿನಲ್ಲಿ ನಿಲ್ಲಿಸಿ, ಆಕೆಗೆ ಬೆಂಚು ತೋರಿಸಿದರು.

"ಈಗ ಯಾರ ಜೊತೆ ಆಡ್ತೀರಿ?" ಎಂದು ಆಕೆ ಕೇಳಿದರು.

ಗಡಿಯಾರದವರು ಕಣ್ಣಿನಲ್ಲೇ ಕಿಟಕಿಯ ಪಕ್ಕದ ಟೇಬಲ್ಲನ್ನು ತೋರಿಸಿದರು. ಔಷಧಿ ಅಂಗಡಿಯವರು ಅಲ್ಲಿ ಫೋನಿನಲ್ಲಿ ಮಾತಾಡುತ್ತಲೇ ಕೋಲಿಗೆ ಚಾಕ್ ಹಚ್ಚುತ್ತಿದ್ದರು. ಮನುಷ್ಯ ಒಳ್ಳೆಯವರೇ. ಆದರೆ ತಾವು ಹೊಡೆದರೆ ಲೆಕ್ಕಾಚಾರ, ಎದುರಿನವರು ಹೊಡೆದರೆ ಅದೃಷ್ಟ. ಸೋತ ದಿನ ಟೇಬಲ್ಲೇ ಒಂದು ಕಡೆ ವಾಲಿದೆ ಅನ್ನುತ್ತಾರೆ. ಗೆದ್ದ ದಿನ ಟೇಬಲ್ ನೆಟ್ಟಗಿರುತ್ತದೆ. ಗಡಿಯಾರದವರು ತಗ್ಗಿದ ದನಿಯಲ್ಲಿ ಇದನ್ನು ಹೇಳಿದಾಗ ಆಕೆ ಮೊದಲ ಸಲ ಮುಗುಳ್ನಕ್ಕರು. ಆ ನಗು ಕಂಡು ಅವರಿಗೂ ನಾಲಿಗೆ ಸಡಿಲವಾಯಿತು.

ಟೈಲರಣ್ಣ ಆಡುತ್ತಿದ್ದುದೇ ಬೇರೆ ಥರ ಎಂದರು. ಎದುರಿನವರು ಬಗ್ಗಿ ಗುರಿ ಹಿಡಿದರೆ ಅವನು ಕುಡಿಯುತ್ತಿದ್ದ ಚಹಾವನ್ನೂ ಬಾಯಲ್ಲೇ ಹಿಡಿದು ನಿಲ್ಲುತ್ತಿದ್ದ. ಒಮ್ಮೆ ಕೊನೆಯ ಕಪ್ಪು ಚೆಂಡು ಪಾಕೆಟ್ಟಿನ ಬಾಯಿಗೇ ಬಂದು ಕೂತಿತ್ತು, ಸರದಿ ಅವನದು, ಮುಟ್ಟಿದರೆ ಸಾಕು ಗೆಲುವು. ಬಗ್ಗಿದವನು ಎದ್ದು, "ಅಂಗಿ ತೋಳು ಚೆಂಡಿಗೆ ತಾಗ್ತು, ನೀವು ಹೊಡೀರಿ" ಎಂದು ಪಕ್ಕಕ್ಕೆ ಸರಿದ. ತಾಗಿದ್ದನ್ನು ಯಾರೂ ಕಂಡಿರಲಿಲ್ಲ. ಗಡಿಯಾರದವರ ತಾಯಿ ತೀರಿಕೊಂಡ ಮೇಲಿನ ಮೊದಲ ಶನಿವಾರ, ಬೇರೆ ಯಾರಾದರೂ ಆಗಿದ್ದರೆ ಪಾಪವೆಂದು ಒಂದು ಆಟ ಬಿಟ್ಟುಕೊಡುತ್ತಿದ್ದರು. ಟೈಲರಣ್ಣ ಸಮಾಧಾನದ ಒಂದು ಮಾತೂ ಆಡದೆ, ಒಂದಾದ ಮೇಲೊಂದು ನಾಲ್ಕು ಆಟ ಸೋಲಿಸಿದ. ಐದನೆಯದನ್ನು ಹೇಗಾದರೂ ಗೆಲ್ಲಲೇಬೇಕೆಂದು ಹಲ್ಲು ಕಚ್ಚಿ ನಿಂತಾಗ ಗಡಿಯಾರದವರಿಗೆ ಹೊಳೆದಿತ್ತು, ಒಂದು ಗಂಟೆಯಿಂದ ತಾನು ಅತ್ತಿಲ್ಲ.

"ಈಗ ಆಟಾನೇ ಬಿಟ್ಬಿಡೋಣ ಅನ್ನಿಸುತ್ತಮ್ಮ" ಎಂದರು. "ಗೆದ್ರೂ ಸಪ್ಪೆ, ಸೋತ್ರೂ ಸಪ್ಪೆ."

"ಬಿಡಬೇಡಿ" ಎಂದರು ಆಕೆ. "ನಿಮ್ಮ ಆಟ ನಾನು ನೋಡಿಲ್ಲ, ಆದ್ರೆ ಅಷ್ಟೂ ಗೊತ್ತು ನನಗೆ."

ಮತ್ತೆ ನಿಧಾನವಾಗಿ ಹೇಳಿದರು. ಶನಿವಾರ ರಾತ್ರಿ ಊಟದ ಮೇಜಿನ ಮೇಲೆ ಗಂಡ ಅಂಗಿಯ ಗುಂಡಿಗಳನ್ನು ಹರಡಿಕೊಂಡು ಕೂರುತ್ತಿದ್ದರಂತೆ. ಒಂದೊಂದು ಗುಂಡಿ ಒಂದೊಂದು ಚೆಂಡು. ಹಸಿರು ಚೆಂಡು ಮೂಲೆಯಲ್ಲಿ ಅಡಗಿ ಕೂತಿತ್ತು, ಮುಂದೆ ಎರಡು ಅಡ್ಡ ನಿಂತಿದ್ದವು, ಗಡಿಯಾರದವರು ಬಿಳಿ ಚೆಂಡನ್ನು ಆ ಅಂಚಿಗೆ ಬಡಿದು ಈ ಅಂಚಿಗೆ ತಂದು ಹಿಂದಿನಿಂದ ಹೋಗಿ ಮೆಲ್ಲಗೆ ಮುಟ್ಟಿದರು ಎಂದು ಬೆರಳಿನಲ್ಲಿ ತಳ್ಳಿ ತೋರಿಸುತ್ತಿದ್ದರಂತೆ. ಹೇಳುವಾಗ ಮುಖ ಅರಳುತ್ತಿತ್ತಂತೆ. ಊಟ ಆರಿಹೋದರೂ ಮಾತು ಮುಗಿಯುತ್ತಿರಲಿಲ್ಲವಂತೆ.

ಆ ಹಸಿರು ಚೆಂಡನ್ನು ಗಡಿಯಾರದವರೇ ಮರೆತಿದ್ದರು. ಈಗ ನೆನಪಾಯಿತು, ಆಟದ ಉಳಿದ ಭಾಗವೂ ನೆನಪಾಯಿತು. ಅಷ್ಟು ಚೆನ್ನಾಗಿ ಹೊಡೆದೂ ಅವತ್ತು ಗೆದ್ದವನು ಟೈಲರಣ್ಣನೇ.

ಆಕೆ ಹೊರಡಲೆಂದು ಬೆಡ್‌ಶೀಟು ಮಡಿಚುತ್ತಿದ್ದವರು ಕೈ ನಿಲ್ಲಿಸಿದರು. "ಒಂದು ಮಾತು ಕೇಳ್ತೀನಿ, ನನ್ನ ಮನಸ್ಸಿಗೆ ಹಿತವಾಗ್ಲಿ ಅಂತ ಸುಳ್ಳು ಹೇಳಬೇಡಿ. ಇಷ್ಟು ವರ್ಷದಲ್ಲಿ ಅವರು ನಿಮ್ಮ ಹತ್ರ ಒಂದು ಆಟಾನಾದ್ರೂ ಗೆದ್ದಿದ್ರಾ?"

ಗಡಿಯಾರದವರು ಆಕೆಯ ಮುಖವನ್ನೇ ನೋಡಿದರು. ಆಕೆ ತಮಾಷೆ ಮಾಡುತ್ತಿರಲಿಲ್ಲ.

"ಹತ್ತರಲ್ಲಿ ಆರು ಅವನದೇ ಅಮ್ಮ. ಕೆಲವು ಸಲ ಏಳು."

ಆಕೆ ಮತ್ತೆ ಬೆಂಚಿನ ಮೇಲೆ ಕೂತರು. ಕನ್ನಡಕ ತೆಗೆದರು. ಅಳುತ್ತಾರೇನೋ ಎಂದು ಗಡಿಯಾರದವರಿಗೆ ಗಾಬರಿಯಾಗುವಷ್ಟರಲ್ಲಿ ಆಕೆಯ ಭುಜ ನಗುವಿನಿಂದ ಅಲುಗತೊಡಗಿತು.

"ಇಪ್ಪತ್ತೆರಡು ವರ್ಷ ಸಮಾಧಾನ ಮಾಡಿದ್ದೀನಿ ಕಣ್ರೀ, ಹೋಗ್ಲಿ ಬಿಡಿ, ಮುಂದಿನ ವಾರ ಗೆಲ್ತೀರಿ ಅಂತ. ತಲೆ ತಗ್ಗಿಸಿ ಹೂಂ ಹೂಂ ಅಂತ ಕೇಳಿಸ್ಕೊಳ್ತಿದ್ರು, ಕಳ್ಳ."