ಮುಚ್ಚಿದ ಬಾಗಿಲ ಹಿಂದಿನ ಕೆಮ್ಮು

ದಾವಣಗೆರೆಯ ರೂಪಶ್ರೀ ಬಿ.ಕಾಂ ಮುಗಿಸಿ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ಲಿಂಗ್ ಕೆಲಸಕ್ಕಿದ್ದಳು. ಅಪ್ಪನಿಗೆ ಲಕ್ವ ಹೊಡೆದ ದಿನ ಕೆಲಸ ಬಿಟ್ಟಳು...

ಬಸ್ ಸ್ಟ್ಯಾಂಡಿಗೆಲ್ಲ ಕೇಳುವಂತೆ "ಹರಿಹರ, ಹರಿಹರ" ಎಂದು ಕೂಗುತ್ತಿದ್ದ ಕಂಡಕ್ಟರ್ ಆಗಿದ್ದರು ಅಪ್ಪ. ಅಂಥವರಿಗೆ ಎರಡು ವರ್ಷ ತುತ್ತು ತಿನ್ನಿಸಿ, ಒಂದೊಂದೇ ಮಾತು ಮತ್ತೆ ಕಲಿಸಿದಳು.

ಆಮೇಲೆ ಕೆಲಸ ಹುಡುಕಲು ಕೂತರೆ, ಜಾಬ್ ಆ್ಯಪ್ ಆ ಎರಡು ವರ್ಷಕ್ಕೆ ಕೆಂಪು ಗುರುತು ಹಾಕಿತು... "ಇಲ್ಲಿ ಖಾಲಿ ಇದೆ."

ಆ್ಯಪ್‌ಗೇನು ಗೊತ್ತು ಲಕ್ವ ಅಂದರೆ.

"ಖಾಲಿ ಬಿಟ್ರೆ ಯಾರೂ ಪ್ರೊಫೈಲ್ ಓಪನ್ ಮಾಡಲ್ಲ ಕಣೇ, ಏನಾದ್ರೂ ತುಂಬು" ಎಂದಳು ಗೆಳತಿ. ರೂಪಶ್ರೀ "ಮನೆಯಿಂದಲೇ ಡೇಟಾ ಎಂಟ್ರಿ" ಎಂದು ಸುಳ್ಳು ತುಂಬಿದಳು.

ಕೂಡಲೇ ಒಂದು ವಿಡಿಯೋ ಇಂಟರ್‌ವ್ಯೂ ಬಂತು. ಎದುರಿಗೆ ಮನುಷ್ಯರಿಲ್ಲ... ಪರದೆಯಲ್ಲಿ ಪ್ರಶ್ನೆ ಬರುತ್ತದೆ, ಟೈಮರ್ ಓಡುತ್ತದೆ, ಕ್ಯಾಮೆರಾ ನೋಡಿ ನಗುತ್ತ ಉತ್ತರ ಹೇಳಬೇಕು.

"ಸ್ವಲ್ಪ ಹೊತ್ತು ಸದ್ದು ಮಾಡ್ಬೇಡಪ್ಪ, ಸೌಂಡ್ ಬಂದ್ರೆ ರಿಜೆಕ್ಟ್ ಮಾಡ್ತಾರಂತೆ."

ಅಪ್ಪ ತಲೆಯಾಡಿಸಿದರು. ಅವಳು ಅವರ ರೂಮಿನ ಬಾಗಿಲು ಹಾಕಿದಳು.

ಉತ್ತರ ಹೇಳುತ್ತಿರುವಾಗಲೇ ಒಳಗೆ ಏನೋ ಬಿದ್ದ ಸದ್ದು... ಓಡಿದಳು.

ನೀರಿನ ಲೋಟ ನೆಲಕ್ಕೆ ಉರುಳಿತ್ತು, ಅಪ್ಪ ಮಂಚದ ಮೇಲೆ ಒಂದು ಕಡೆ ವಾಲಿದ್ದರು. ಮುಖ ಕೆಂಪಾಗಿತ್ತು, ಕಣ್ಣಲ್ಲಿ ನೀರು. ಸರಿ ಇರುವ ಒಂದೇ ಕೈಯಲ್ಲಿ ಟವೆಲ್ ಬಾಯಿಗೆ ಒತ್ತಿ ಹಿಡಿದಿದ್ದರು.

ಕೆಮ್ಮು ಬಂದಿತ್ತು... ಮಗಳ ಕೆಲಸ ಕೆಡಬಾರದೆಂದು ಉಸಿರುಗಟ್ಟಿದರೂ ತಡೆದುಕೊಂಡಿದ್ದರು.

ಟವೆಲ್ ಕಿತ್ತು, ಎತ್ತಿ ಕೂರಿಸಿ, ಬೆನ್ನು ನೀವಿದಳು. ಉಸಿರು ಮರಳಿದ ಮೇಲೆ ಅವರು ಕೇಳಿದ್ದು ಒಂದೇ... "ಕೆಲ್ಸ... ಹೋತೇನವ್ವಾ?"

ಪರದೆಯ ಮೇಲೆ "ನಿಮ್ಮ ಸಮಯ ಮುಗಿದಿದೆ" ಎಂದು ಬಂದಿತ್ತು.

ರೂಪಶ್ರೀ ಬಿಕ್ಕಿ ಬಿಕ್ಕಿ ಅತ್ತಳು. ಕೆಲಸ ಹೋಯಿತೆಂದಲ್ಲ... ಪ್ರೊಫೈಲಿನಿಂದ ಅಪ್ಪನನ್ನೇ ಅಳಿಸಿಬಿಟ್ಟಿದ್ದೆನಲ್ಲ ಎಂದು.

ಅವತ್ತೇ ಡೇಟಾ ಎಂಟ್ರಿ ತೆಗೆದು ಬರೆದಳು: "ಲಕ್ವ ಹೊಡೆದ ಅಪ್ಪನನ್ನು ನೋಡಿಕೊಂಡೆ. ಈಗ ಅವರು ಮಾತಾಡುತ್ತಾರೆ."

ಬಹಳ ದಿನ ಯಾರೂ ಕರೆಯಲಿಲ್ಲ. ಕೊನೆಗೆ ಒಂದು ಆಸ್ಪತ್ರೆಯಿಂದ ಒಬ್ಬ ಹೆಂಗಸಿನ ಫೋನ್ ಬಂತು.

"ನೀವು ಬರೆದಿದ್ದು ಓದಿದೆ. ನಮ್ಮ ಹೆಲ್ಪ್ ಡೆಸ್ಕ್‌ಗೆ ಒಬ್ರು ಬೇಕಿತ್ತು. ಆ ಎರಡು ವರ್ಷದ ಬಗ್ಗೆ ಸ್ವಲ್ಪ ಹೇಳ್ತೀರಾ?"

ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಕೆಮ್ಮಿದರು. ರೂಪಶ್ರೀ ಗಾಬರಿಯಿಂದ ಫೋನಿಗೆ ಕೈ ಅಡ್ಡ ಹಿಡಿದಳು.

ಆ ಕಡೆಯಿಂದ ಮೆಲ್ಲಗೆ ದನಿ ಬಂತು... "ಅಪ್ಪ ಅಲ್ವಾ? ಮೊದ್ಲು ಅವರಿಗೆ ನೀರು ಕೊಟ್ಟು ಬನ್ನಿ. ನಾನು ಲೈನಲ್ಲೇ ಇರ್ತೀನಿ."

ಇವತ್ತು ಆ ಹೆಲ್ಪ್ ಡೆಸ್ಕ್‌ನಲ್ಲಿ ಕೂತಿರುವವಳು ರೂಪಶ್ರೀಯೇ.

*ನಮ್ಮವರಿಗಾಗಿ ಕಳೆದ ವರ್ಷಗಳನ್ನು ಆ್ಯಪ್ ಖಾಲಿ ಎನ್ನಬಹುದು... ನಾವು ಎನ್ನಬಾರದು.*

ನಿಮ್ಮ ಪ್ರೊಫೈಲಿನಲ್ಲಿ ಎಲ್ಲೂ ಹೆಸರಿಲ್ಲದೆ, ನಿಮಗಾಗಿ ಕೆಮ್ಮು ತಡೆದುಕೊಂಡು ಕೂತಿರುವವರು ಯಾರು?