ಗಟ್ಟಿ ಕೃತಿ

ಪುಸ್ತಕ ಕಪಾಟಿನಲ್ಲಿ ಇರಲಿಲ್ಲ.

ಇಶ್ತಿಯಾಕ ಇನ್ನೊಮ್ಮೆ ಸಾಲಿನುದ್ದಕ್ಕೂ ಬೆರಳಾಡಿಸಿ ನೋಡಿದ. ಕೂಡ್ಲಿಗಿ ಗ್ರಂಥಾಲಯಕ್ಕೆ ಅವನೇ ಕೊಟ್ಟು, ಅವನೇ ಜಾಗ ಮಾಡಿ ಇಟ್ಟುಹೋಗಿದ್ದ ಕಾದಂಬರಿ ಮಾಯವಾಗಿತ್ತು. ಹೆಸರು 'ಅಂತರಾಳದ ಅಂತರ್ಜಲ'. ಏಳುನೂರು ಪುಟ. ಬರೆದವನು ಇಶ್ತಿಯಾಕ, ಹೊಟ್ಟೆಪಾಡಿಗೆ ಬೋರ್‌ವೆಲ್ ಮೋಟರ್ ರಿಪೇರಿ. ಯಾರೋ ಕದ್ದಿರಬೇಕು ಅನ್ನಿಸಿತು. ಅನ್ನಿಸಿದ ಕೂಡಲೇ ಖುಷಿಯಾಯಿತು. ಕದಿಯುವಷ್ಟು ಚೆನ್ನಾಗಿ ಬರೆದಿದ್ದೇನೆಂದು ಅವನಿಗೇ ಗೊತ್ತಿರಲಿಲ್ಲ.

ಮಾರಾಟವಾಗದೆ ಉಳಿದ ಪ್ರತಿಗಳನ್ನು ಮನೆಯ ಗೆದ್ದಲು ಓದಿ ಮುಗಿಸಿತ್ತು, ಅಭಿಪ್ರಾಯ ಮಾತ್ರ ತಿಳಿಸಿರಲಿಲ್ಲ. ಈ ಮಾತನ್ನು ಅವನೇ ಹೇಳಿಕೊಂಡು ನಗುತ್ತಿದ್ದ. ಬೇರೆಯವರು ನಗುವ ಮೊದಲು ತಾನು ನಕ್ಕರೆ ನೋವು ಕಡಿಮೆ. ಆದರೆ ಇವತ್ತು ನಗುವ ಸ್ಥಿತಿ ಇರಲಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಅವನ ಬರೆಯುವ ಮೇಜು ಇತ್ತು. ಅದೇ ಕೋಣೆಯಲ್ಲಿ ಹೊಲಿಗೆ ಮಶೀನು ಹಾಕಿ ನಾಲ್ಕು ಜನರ ಬಟ್ಟೆ ಹೊಲಿಯಬೇಕೆಂದು ಹೆಂಡತಿ ಮುಬೀನಾಳ ಆಸೆ. ಎರಡನೇ ಕಾದಂಬರಿ ಶುರು ಮಾಡುತ್ತೇನೆ ಎಂದು ಇವನು ಬೆಳಿಗ್ಗೆ ಬಾಯಿಬಿಟ್ಟಾಗ ಅವಳು ಜಗಳ ಆಡಲಿಲ್ಲ.

"ನಿಮ್ಮ ಪುಸ್ತಕ ಈ ಭೂಮಿ ಮ್ಯಾಗ ಯಾರಿಗರ ಬೇಕಾಗೇತಿ ಅಂತ ತೋರಿಸ್ರಿ, ಕೋಣಿ ನಿಮ್ದು. ಇಲ್ಲಂದ್ರ ಮೇಜು ಹೊರಗ, ಮಶೀನು ಒಳಗ" ಎಂದಿದ್ದಳು.

ಅವನು ಒಪ್ಪಿ ಬಂದಿದ್ದ. ಒಪ್ಪಿದ ಮೇಲೆ ದಾರಿಯುದ್ದಕ್ಕೂ ಭಯಪಟ್ಟಿದ್ದ.

"ನಿಮ್ಮ ಪುಸ್ತಕಾನ? ಅದು ಇಲ್ಲಿ ಎಲ್ಲಿ ನಿಲ್ಲತೈತ್ರಿ?" ಎಂದು ಗ್ರಂಥಪಾಲಕಿ ಯಶೋಧರಾ ನಕ್ಕಳು. "ಕೊಟ್ಟೂರಿಗೆ ಹೋಗೇತಿ."

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಗ್ರಂಥಾಲಯದವರು ಈಚೆಗೆ ತಮ್ಮತಮ್ಮಲ್ಲೇ ಒಂದು ಏರ್ಪಾಡು ಮಾಡಿಕೊಂಡಿದ್ದರು. ಒಂದು ಊರಿನಲ್ಲಿ ಇಲ್ಲದ ಪುಸ್ತಕ ಇನ್ನೊಂದು ಊರಿನಿಂದ ಎರವಲು ಬರುತ್ತಿತ್ತು. ಗುಡೇಕೋಟೆಯವರು ಕುರಿ ಸಾಕಣೆಯ ಪುಸ್ತಕ ಕೇಳಿದರೆ ಹಡಗಲಿಯಿಂದ, ಚಿಗಟೇರಿಯ ಹುಡುಗಿ ನರ್ಸಿಂಗ್ ಪುಸ್ತಕ ಕೇಳಿದರೆ ಕೂಡ್ಲಿಗಿಯಿಂದ. ಕಟ್ಟು ಕಟ್ಟಿ ಬಸ್ಸಿಗೆ ಹಾಕಿದರೆ ಮುಗಿಯಿತು.

"ನನ್ನ ಪುಸ್ತಕ ಯಾರು ಕೇಳಿದ್ರಿ?" ಇಶ್ತಿಯಾಕ ಮೇಜಿನ ಮೇಲೆ ಬಾಗಿ ಕೇಳಿದ.

"ಎಲ್ಲಾ ಊರಾಗೂ ಕೇಳ್ತಾರ್ರಿ. ಒಂದು ಕಡಿ ಹೆಚ್ಚು ದಿನ ಇಟ್ಕಂಡ್ರ ಇನ್ನೊಂದು ಕಡಿಯಿಂದ ಫೋನು ಬರತಾವ. ಭಾಳ ಗಟ್ಟಿ ಐತ್ರಿ ನಿಮ್ಮ ಪುಸ್ತಕ."

ಗಟ್ಟಿ! ವಿಮರ್ಶಕರ ಬಾಯಲ್ಲಿ ಬರುವ ಮಾತು. 'ಗಟ್ಟಿ ಕೃತಿ', 'ಗಟ್ಟಿ ಲೇಖಕ'. ಈ ಮಾತನ್ನು ಅವನು ಬೇರೆಯವರ ಬಗ್ಗೆ ಓದಿ ಹೊಟ್ಟೆ ಉರಿದುಕೊಂಡಿದ್ದ. ತನ್ನ ರಿಪೇರಿ ಅಂಗಡಿಗೆ ಹೇಗೂ ಬೀಗ ಹಾಕಿಯೇ ಬಂದಿದ್ದ. ಓದುಗರನ್ನು ಕಣ್ಣಾರೆ ನೋಡಬೇಕೆಂದು ಕೊಟ್ಟೂರು ಬಸ್ಸು ಹತ್ತಿದ.

ಕೊಟ್ಟೂರಿನ ಗ್ರಂಥಪಾಲಕ ಸುಂಕಪ್ಪ ಹಣೆ ಬಡಿದುಕೊಂಡ. "ಈಗರ ಹರಪನಹಳ್ಳಿ ಬಸ್ಸಿಗೆ ಹಾಕಿ ಬಂದ್ನೆಲ್ರಿ! ಸ್ವಲ್ಪ ಮೊದ್ಲ ಬಂದಿದ್ರ ಸಿಗತಿತ್ತು." ಆಮೇಲೆ ಎರಡೂ ಕೈಯಿಂದ ಇಶ್ತಿಯಾಕನ ಕೈ ಹಿಡಿದು ಕುಲುಕಿದ. "ಮೊದ್ಲು ಭಾಳ ತ್ರಾಸ ಇತ್ರಿ ನಮಗ. ನಿಮ್ಮ ಪುಸ್ತಕ ಬಂದ ಮ್ಯಾಗ ನೆಮ್ಮದಿ ಆಗೇತಿ."

ನೆಮ್ಮದಿ! ಸಾಹಿತ್ಯ ಇನ್ನೇನು ಮಾಡಬೇಕು? ಇಶ್ತಿಯಾಕ ಬಸ್ ನಿಲ್ದಾಣದಲ್ಲೇ ನಿಂತು ಮುಬೀನಾಳಿಗೆ ಫೋನು ಮಾಡಿ ಎಲ್ಲ ಹೇಳಿದ. ಸ್ವಲ್ಪ ಉಪ್ಪುಖಾರ ಹಚ್ಚಿಯೇ ಹೇಳಿದ.

"ಖರೇನ ಏನ್ರಿ?" ಎಂದಳು ಮುಬೀನಾ. "ಸರಿ ಹಂಗಾರ, ಬರ್ಕಳ್ರಿ. ಮಶೀನು ಅಡಿಗಿಮನ್ಯಾಗ ಎಲ್ಲರ ಹಿಡಿಸ್ಕಂತೀನಿ."

ಅವಳ ದನಿ ಕೇಳಿ ಅವನಿಗೆ ಪಾಪ ಅನ್ನಿಸಿತು. ಗೆದ್ದವನಿಗೆ ಉದಾರತೆ ಸುಲಭ. ಎರಡನೇ ಕಾದಂಬರಿಯನ್ನು ಅವಳಿಗೇ ಅರ್ಪಿಸುವುದೆಂದು ತೀರ್ಮಾನಿಸಿದ. ಹೊಲಿಗೆ ಕೋಣೆಗಿಂತ ಅದರಿಂದಲೇ ಅವಳಿಗೆ ಹೆಚ್ಚು ಸಂತೋಷವೆಂದು ಆ ಮಹಾಶಯ ಮನಃಪೂರ್ವಕವಾಗಿ ನಂಬಿದ.

ಹರಪನಹಳ್ಳಿ ಗ್ರಂಥಾಲಯದಲ್ಲಿ ಕೊಟ್ಟೂರಿನ ಕಟ್ಟನ್ನು ಆಗಲೇ ಬಿಚ್ಚಿದ್ದರು. ಬೇರೆ ಪುಸ್ತಕಗಳನ್ನು ಕೇಳಿದವರು ಒಯ್ದಿದ್ದರು. ಮೇಜಿನ ಮೇಲೆ ಅವನದೊಂದೇ ಉಳಿದಿತ್ತು. ಇಶ್ತಿಯಾಕ ಅದನ್ನು ಮಗುವಿನಂತೆ ಎತ್ತಿಕೊಂಡ. ಮೂಲೆಗಳು ಸವೆದಿದ್ದವು. ಎಷ್ಟು ಕೈ ದಾಟಿರಬೇಕು! ರಟ್ಟಿನ ನಟ್ಟನಡುವೆ ಉದ್ದಕ್ಕೊಂದು ಅಡ್ಡಕ್ಕೊಂದು ಆಳವಾದ ಗೆರೆ ಬಿದ್ದಿತ್ತು. ಯಾರೋ ಎದೆಗೆ ಒತ್ತಿಕೊಂಡೇ ಮಲಗಿರಬೇಕು. ಒಳಗೆ ಮಾತ್ರ ಒಂದು ಹಾಳೆಯೂ ಮಡಚಿರಲಿಲ್ಲ, ಹೊಸ ಕಾಗದದ ವಾಸನೆ ಹಾಗೇ ಇತ್ತು. ಎಂಥ ಜೋಪಾನದ ಓದುಗರು! ಮೋಟರಾಗಲಿ ಪುಸ್ತಕವಾಗಲಿ ಬಾಡಿ ಗಟ್ಟಿ ಇರಬೇಕೆಂದು, ಬೈಂಡಿಂಗ್ ಮಾಡುವ ಹಸನ್ ಸಾಬ್ ಬೇಡವೆಂದರೂ ಇವನೇ ಎರಡು ಪದರ ರಟ್ಟು ಹಾಕಿಸಿದ್ದ. ಕೊಳ್ಳುವವರಿಲ್ಲದ ಪುಸ್ತಕಕ್ಕೆ ಇಷ್ಟು ರಟ್ಟೇಕೆ ಎಂದು ಆಗ ಜನ ನಕ್ಕಿದ್ದರು. ಈಗ ಅವನ ಕಣ್ಣು ಮಂಜಾಯಿತು.

"ಇದನ್ನ ಬರೆದೋರು ನೀವೇನಾ?" ಗ್ರಂಥಪಾಲಕಿ ಕೊಟ್ರಬಸಮ್ಮ ಕುರ್ಚಿಯಿಂದ ಎದ್ದು ಕೈಮುಗಿದಳು. "ಇನ್ನೊಂದು ಬರಿಯಲ್ವಾ ಸಾರ್?"

"ಬರೀಲೇನ್ರಿ?" ಅವನು ಪುಸ್ತಕವನ್ನು ಎದೆಗೆ ಅವುಚಿಕೊಂಡ.

"ಬರೀಲೇಬೇಕು. ಐದೂ ಊರಿನೋರು ಅದನ್ನೇ ಮಾತಾಡ್ಕಂತಿದ್ವಿ." ಕೊಟ್ರಬಸಮ್ಮ ಅವನ ಕೈಯಿಂದ ಪುಸ್ತಕ ತಗೊಂಡು ಮೇಜಿನ ಮೇಲೆ ಮಲಗಿಸಿದಳು. ಅದರ ಮೇಲೆ ಹಡಗಲಿಗೆ ಹೋಗಬೇಕಾದ ತೆಳ್ಳನೆಯ ಪುಸ್ತಕಗಳನ್ನು ಒಂದೊಂದಾಗಿ ಪೇರಿಸಿ, ಹುರಿ ಸುತ್ತಿ, ಮೊಣಕಾಲು ಕೊಟ್ಟು ಬಿಗಿದಳು.

"ಬಸ್ಸಿನಾಗೆ ಕಟ್ಟು ಮುದುಡದಂಗೆ ಕೆಳಗೆ ಹಾಕಾಕೆ ಇದೊಂದು ಐತೆ ಸಾರ್, ಮೇಲೆ ಹಾಕಾಕೆ ಇಷ್ಟೇ ಗಟ್ಟಿದು ಇನ್ನೊಂದು ಬೇಕು."