ಮುರಿಯದ ಮೊಣಕಾಲು

ಸೋಮವಾರ ಬೆಳಿಗ್ಗೆ ರೇಡಿಯೋದಲ್ಲಿ ಹವಾಮಾನ ವರದಿಯಾದ ಮೇಲೆ ಹಳೆಯ ಪಂದ್ಯಗಳ ತಿದ್ದುಪಡಿ ಓದುವುದು ಒಹಾಯೊದಲ್ಲಿ ರೂಢಿಯಾಗಿತ್ತು. ಅಮೆರಿಕನ್ ಫುಟ್‌ಬಾಲಿನ ಮರುಪರಿಶೀಲನಾ ಮಂಡಳಿ ಯಾವ ಕಾಲದ ತೀರ್ಪನ್ನು ಬದಲಿಸಿದರೂ, ಆ ಗಳಿಗೆ ನಡೆದೇ ಇಲ್ಲ ಎಂದು ಲೆಕ್ಕ. ಜನ ಗೋಡೆಯ ಫೋಟೋ ಇಳಿಸಿ, ಬೀದಿಯ ಹೆಸರು ಬದಲಿಸಿ, ತಿಂಡಿಗೆ ಕೂರುತ್ತಿದ್ದರು.

ಈ ವಾರದ ಸರದಿ ಮುದುಕ ವೆಂಡೆಲ್‌ನದು. ನಲವತ್ತು ವರ್ಷದ ಹಿಂದಿನ ಫೈನಲ್ಲಿನಲ್ಲಿ, ಮೂವರು ಮೈಮೇಲೆ ಬಿದ್ದು ಮೊಣಕಾಲು ಮುರಿದರೂ ಚೆಂಡು ಬಿಡದೆ ಗೆರೆ ದಾಟಿ ಅವನು ಗಳಿಸಿದ್ದ ಟಚ್‌ಡೌನ್ ಅಂಕ ರದ್ದಾಗಿತ್ತು. ಅವನತ್ತ ಚೆಂಡು ಎಸೆಯುವ ಮೊದಲೇ ರೆಫರಿ ಸೀಟಿ ಊದಿದ್ದನಂತೆ.

ಮಧ್ಯಾಹ್ನ ಮಂಡಳಿಯ ಉದ್ಯೋಗಿ ಲೊರೇನ್ ಪೆಟ್ಟಿಗೆ ಹಿಡಿದು ಅವನ ಮನೆಗೆ ಬಂದಳು. ಟ್ರೋಫಿ, ಫೋಟೋ, ಗೆಲುವಿನ ಉಂಗುರ ತುಂಬಿಕೊಂಡಳು. ಆಮೇಲೆ ಅವನ ಊರುಗೋಲಿಗೆ ಕೈ ಹಾಕಿದಳು.

“ಇದ್ಯಾಕಮ್ಮ?” ಎಂದ ವೆಂಡೆಲ್.

“ಸೀಟಿ ಆದ್ಮೇಲೆ ಆಟಾನೇ ನಡೆದಿಲ್ಲ ಸರ್. ಹಾಗಾಗಿ ನಿಮ್ಮ ಮೊಣಕಾಲೂ ಮುರಿದಿಲ್ಲ. ಕೋಲು ಮಂಡಳಿ ಕೊಟ್ಟಿದ್ದು ತಾನೆ.”

ಅವನಿಗೆ ಮೈಯೆಲ್ಲ ಉರಿದುಹೋಯಿತು. “ಇಷ್ಟು ವರ್ಷ ಮೆಟ್ಟಿಲು ಹತ್ತೋವಾಗ ನೋಯ್ತಿದ್ದದ್ದು ಯಾರ ಕಾಲು?”

“ಅದು ನಮ್ಮ ವಿಭಾಗಕ್ಕೆ ಬರಲ್ಲ ಸರ್.”

ವೆಂಡೆಲ್ ಕೋಲನ್ನು ತಾನಾಗಿಯೇ ಅವಳ ಕೈಗಿತ್ತ. ಗೋಡೆ ಹಿಡಿದು ಕುಂಟುತ್ತ ಬಂದು, ಪೆಟ್ಟಿಗೆಯ ಎದುರಿನ ಕುರ್ಚಿಯಲ್ಲಿ ಕೂತ. ಪ್ಯಾಂಟು ಮಡಚಿ, ಮುರಿದಾಗ ಒಳಗೆ ಉಕ್ಕಿನ ಸಲಾಕೆ ಹಾಕಿದ್ದ ಆ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಪೆಟ್ಟಿಗೆಯೊಳಗೆ ಟ್ರೋಫಿಯ ಪಕ್ಕಕ್ಕೆ ಇಟ್ಟ.

“ಇದೂ ಆ ದಿನದ್ದೇ. ತಗೊಂಡು ಹೋಗು.”